ಕೆರೆ ದಂಡೆಯ ಮಾತಾಡುವ ಕಪ್ಪೆ

ಕೆರೆ ಉಳಿಸ್ತೀನಿ ಅಂತ ಹೊರಟವನಿಗೆ ದಿನಾ ಏನಾದರೊಂದು ಫಜೀತಿ ಕಾದೇ ಇರುತ್ತೆ. ನಾನು ಭದ್ರಾವತಿಯಲ್ಲಿ ವೆಲ್ಡರ್ ಆಗಿದ್ದು ರಿಟೈರ್ ಆದವನು. ಈಗ ಶಿವಮೊಗ್ಗದಲ್ಲಿದ್ದೀನಿ. ನಮ್ಮ ಬಡಾವಣೆಯ ಕೆರೆಗೆ ಅಂತ ಗುಜರಿ ತಗಡಿನಲ್ಲಿ ಆಳೆತ್ತರದ ಕಪ್ಪೆ ಮಾಡಿದೆ. ಬಾಯಿಗೆ ಕಸ ಹಾಕಿದರೆ ಮಾತಾಡುತ್ತೆ. ಧ್ವನಿ ನನ್ನ ಹೆಂಡತಿಯದು.

ಕೆರೆ ಸಮಿತಿ ಅಧ್ಯಕ್ಷರು, "ಒಂದು ತಿಂಗಳು ನೋಡೋಣ. ದಂಡೆ ಹಿಂಗೇ ಗಲೀಜಿದ್ರೆ ಇದನ್ನ ವಾಪಸ್ ಗುಜರಿಗೆ ಹಾಕ್ಸ್ತೀನಿ" ಅಂದರು. ಸರ್ವಿಸ್ ಪೂರ್ತಿ ಬೇರೆಯವರ ಡ್ರಾಯಿಂಗ್ ನೋಡಿ ಬೆಸುಗೆ ಹಾಕಿದವನು ನಾನು. ಮನಸ್ಸಿಗೆ ಬಂದ ಹಾಗೆ ಮಾಡಿದ್ದು ಇದೊಂದೇ. 

೧. ಟಾರ್ಪಾಲಿನೊಳಗೆ ಯಾರು?

ಭದ್ರಾವತಿ ನ್ಯೂ ಟೌನಿನ ನನ್ನ ಹಳೇ ಶೆಡ್ಡಿನಿಂದ ಕಪ್ಪೆಗೆ ಟಾರ್ಪಾಲು ಹೊದೆಸಿ ಲಗೇಜ್ ಆಟೋದಲ್ಲಿ ತಂದ್ವಿ. ಬ್ಯಾಟರಿ ಆಫ್ ಮಾಡೋದು ಮರೆತಿದ್ದೆ. ಹಂಪ್ ಬಂದಾಗಲೆಲ್ಲ ಒಳಗಿಂದ ಹೆಂಗಸಿನ ಕೂಗು: "ಕೆರೆಗೆ ಹಾಕ್ಬೇಡಿ! ಕೆರೆಗೆ ಹಾಕ್ಬೇಡಿ!"

ಪೊಲೀಸಪ್ಪ ಅಡ್ಡ ಹಾಕಿದ. "ಯಾರ್ರೀ ಒಳಗೆ?"

ಗಾಬರಿಯಲ್ಲಿ ನಿಜಾನೇ ಹೇಳಿದೆ: "ನನ್ನ ಹೆಂಡ್ತಿ ಧ್ವನಿ ಸಾರ್."

"ಎಲ್ಲಿಗೆ ಹೊರಟಿದೀರಿ?"

ಡ್ರೈವರ್ ಸಾಬರು ಪಾಪ, ಸುಳ್ಳು ಹೇಳೋರಲ್ಲ. "ಕೆರೆಗೆ ಸಾರ್" ಅಂದರು.

೨. ವೆಜ್ಜೋ, ನಾನ್‌ವೆಜ್ಜೋ?

ನಮ್ಮ ಬೀದಿಯ ಅಜ್ಜಿ ದಿನಾ ಹಿಂದಿನ ದಿನದ ಪೂಜೆ ಹೂವನ್ನ ಕವರ್ ಸಮೇತ ಕೆರೆಗೆ ಬಿಡೋರು. ದೇವರ ಹೂವು ತುಳಿಯೋ ಜಾಗಕ್ಕೆ ಬೀಳಬಾರದಲ್ಲ! "ಕಪ್ಪೆಗೆ ಹಾಕಿ ಅಜ್ಜಿ" ಅಂದೆ.

"ನಿನ್ನೆ ಅದರ ಬಾಯಿಗೆ ಕಬಾಬ್ ಪೊಟ್ಟಣ ಹಾಕಿದ್ದು ಕಣ್ಣಾರೆ ನೋಡಿದೀನಿ. ದೇವರ ಹೂವೂ ಅದೇ ಬಾಯಿಗಾ?"

ಸರಿ ಮಾರಾಯ, ಹೂವಿಗೇ ಅಂತ ಮರಿಕಪ್ಪೆ ಮಾಡಿ ಪಕ್ಕದಲ್ಲಿಟ್ಟೆ. ಅಜ್ಜಿ ತಾವೇ ಅದಕ್ಕೆ ವಿಭೂತಿ ಬಳಿದರು. ಬೀದಿಯವರೆಲ್ಲ ಅಲ್ಲೇ ಹೂವು ಹಾಕತೊಡಗಿದರು. ನನಗೆ ಖುಷಿಯೋ ಖುಷಿ. ನಾಲ್ಕನೇ ದಿನ ಅಜ್ಜಿ ನನ್ನ ಬದಿಗೆ ಕರೆದು ಹೇಳಿದರು: "ದೊಡ್ಡದನ್ನ ಸ್ವಲ್ಪ ದೂರ ಇಡಪ್ಪ. ಸಹವಾಸದಿಂದ ಇದೂ ಕೆಟ್ಟೀತು."

೩. ಕಸ ಇದೆಯಾ ಕಸ?

ತಿಂಗಳಾಯ್ತು. ಅಧ್ಯಕ್ಷರು ಬಂದರು, ಜನ ಸೇರಿದರು. ದಂಡೆ ಗುಡಿಸಿಟ್ಟ ಹಾಗಿತ್ತು. "ಕ್ಲೀನಿದೆ ನಿಜ. ಆದ್ರೆ ಈ ಕಪ್ಪೆಯಿಂದ್ಲೇ ಅಂತ ಏನು ಗ್ಯಾರಂಟಿ? ಮಾತಾಡ್ಸಿ ನೋಡೋಣ" ಅಂದರು.

ಮಾತಾಡಿಸೋಕೆ ಕಸ ಬೇಕಲ್ಲ! ಹುಡುಕಿದೆವು. ದಂಡೆ ಸುತ್ತ ಒಂದು ಚಾಕ್ಲೇಟ್ ಕಾಗದವೂ ಸಿಗಲಿಲ್ಲ. ಜೇಬು, ಬ್ಯಾಗು ಎಲ್ಲ ಜಾಲಾಡಿದರು. ಒಬ್ಬರ ಹತ್ತಿರ ಬಸ್ ಟಿಕೆಟ್ ಇತ್ತು, ಅದು ರಿಟರ್ನ್ ಟಿಕೆಟ್ಟಂತೆ. ನನ್ನ ಕಪ್ಪೆ ಗುಜರಿಗೇ ಹೋಯ್ತು ಅಂದ್ಕೊಂಡೆ.

ಅಧ್ಯಕ್ಷರು ಗಡಿಯಾರ ನೋಡಿಕೊಂಡು, "ಇರಲಿ, ಮೊದಲು ಎರಡು ಮಾತು" ಅಂತ ಕಿಸೆಯಿಂದ ಎಂಟು ಹಾಳೆಯ ಭಾಷಣ ತೆಗೆದರು.

ಅಜ್ಜಿ ಕಣ್ಣರಳಿತು. "ಇಷ್ಟೊಂದು ಇಟ್ಕೊಂಡು ಸುಮ್ನೆ ನಿಂತಿದ್ದೀರಲ್ಲ ಮಾರಾಯ್ರೇ!" ಅಂತ ಎಂಟೂ ಹಾಳೆ ಕಿತ್ತುಕೊಂಡು ಕಪ್ಪೆ ಬಾಯಿಗೆ ತುರುಕಿಬಿಟ್ಟರು.

ಕಪ್ಪೆ ಮಾತಾಡಿತು. ಜನ ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ಅಷ್ಟು ಚಪ್ಪಾಳೆ ಅಧ್ಯಕ್ಷರು ಜನ್ಮದಲ್ಲಿ ಕಂಡಿರಲಿಲ್ಲ. ಕೈ ಮುಗಿದು, "ಕಪ್ಪೆ ಇಲ್ಲೇ ಇರಲಿ" ಅಂದುಬಿಟ್ಟರು. ನನಗೆ ಕಣ್ಣಲ್ಲಿ ನೀರು.

ಈಗ ಊರಲ್ಲಿ ಯಾವ ಸಭೆ ಇದ್ದರೂ ನನಗೆ ಫೋನ್ ಬರುತ್ತೆ: "ಸಾರ್, ನಿಮ್ಮ ಕಪ್ಪೆನ ಒಂದಿನದ ಮಟ್ಟಿಗೆ ವೇದಿಕೆ ಪಕ್ಕ ಇಡಬಹುದಾ?"