ಪುತಳಾಬಾಯಿಯ ಖಿನ್ನತೆ ನವೀಕರಣ

ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವ ಪುತಳಾಬಾಯಿ, ವಯಸ್ಸು ಎಪ್ಪತ್ತೊಂದು, 1999ರ ಜೂನ್ ತಿಂಗಳಲ್ಲಿ ಸರ್ಕಾರದ ಗಮನಕ್ಕೆ ಬಂದಳು.

ವೃದ್ಧರ ಖಿನ್ನತೆ ನಿವಾರಣಾ ಯೋಜನೆಯ ಮೇಲ್ವಿಚಾರಕ ಸೂರ್ಯಕಾಂತ ಸಾಹೇಬರು ಕಲಬುರಗಿಯಿಂದ ಫಾರಂ ಹಿಡಿದು ಬಂದು ಆಕೆಯ ಬುಟ್ಟಿಯ ಮುಂದೆ ಕುಂತರು. ಗಂಡ? ತೀರಿಕೊಂಡಾನ. ಹಲ್ಲು? ನಾಲ್ಕು. ಈ ವಯಸ್ಸಿನಲ್ಲೂ ದುಡಿಮೆ? ಅದು ಕಣ್ಣಿಗೇ ಕಾಣುತ್ತಿತ್ತು.

"ಆಯಿ, ಖಿನ್ನತೆಯ ಅಪಾಯಕಾರಿ ಅಂಶ ಮೂರಕ್ಕ ಮೂರೂ ನಿಮಗ ಅವ."

"ಅಯ್ಯ, ನಾ ಆರಾಮ ಇದ್ದೀನ್ರಿ ಸಾಹೇಬ್ರ. ಬೀದರ್ ಬಸ್ ಬರೋ ಹೊತ್ತಾತು, ಅತ್ತಾಗ ಸರೀರಿ."

"ಆರಾಮ ಅಂತ ಬರಿಯಾಕ ಫಾರಮಿನ್ಯಾಗ ಜಾಗಾ ಇಲ್ಲ."

ಅಪಾಯದಲ್ಲಿರುವ ವೃದ್ಧರು ಬಸ್‌ಸ್ಟ್ಯಾಂಡಿನಲ್ಲಿ ಕೂರತಕ್ಕದ್ದಲ್ಲ ಎಂದು ನೋಟಿಸು ಹಚ್ಚಿ, ಆಕೆಯನ್ನು ಹಿರಿಯರ ಆರೈಕೆ ಕೇಂದ್ರಕ್ಕೆ ಸೇರಿಸಲಾಯಿತು. ಅಲ್ಲಿ ಸಕಲ ಸೌಕರ್ಯವೂ ಇತ್ತು. ಕುರ್ಚಿ ಇತ್ತು, ಗೋಡೆ ಗಡಿಯಾರ ಇತ್ತು, 'ಹಿರಿಯರಿಗೆ ವಿಶ್ರಾಂತಿ ಬೇಕು, ಮಾತಾಡಬಾರದು' ಎಂಬ ಫಲಕವೂ ಇತ್ತು. ಕಂಡಕ್ಟರುಗಳ ಕೂಡ ಜಗಳಾಡಿ, ಹಣ್ಣು ಹಿಚುಕುವವರನ್ನು ಬೈದು, ಹೋಗಿಬರುವವರ ಮನೆಸುದ್ದಿಯನ್ನೆಲ್ಲ ಕೆದಕಿ ದಿನ ಕಳೆಯುತ್ತಿದ್ದ ಮುದುಕಿ ಗಡಿಯಾರ ನೋಡುತ್ತ ಕುಂತಳು. ತಿಂಗಳೊಪ್ಪತ್ತಿನಲ್ಲಿ ಊಟ ಸೇರದಾಯಿತು, ನಿದ್ದೆ ಹಾರಿತು. ಯಾಕಾದರೂ ಬದುಕಿದ್ದೇನೋ ಎನ್ನಿಸಿತು, ಪಾಪ.

ಸಾಹೇಬರಿಗೆ ಬಲು ಸಂತೋಷವಾಯಿತು. "ನಾ ಹೇಳಿದ್ದಿಲ್ಲೇನು! ನಿಮಗ ಖಿನ್ನತೆ ಅದ" ಎಂದರು. ರೋಗವನ್ನು ಸಕಾಲದಲ್ಲಿ ಪತ್ತೆ ಹಚ್ಚಿದ್ದಕ್ಕೆ ಮೇಲಿನವರೂ ಮೆಚ್ಚಿ ಪತ್ರ ಬರೆದರು.

ಕಲಬುರಗಿಯ ಡಾಕ್ಟರು ಪರೀಕ್ಷಿಸಿ ಚಿಕಿತ್ಸೆ ಬರೆದುಕೊಟ್ಟರು. ರೋಗಿಯು ದಿನಕ್ಕೆ ಎಂಟು ತಾಸು ಬಸ್‌ಸ್ಟ್ಯಾಂಡಿನಲ್ಲಿ ಕುಂತು ಬಾಳೆಹಣ್ಣು ಮಾರತಕ್ಕದ್ದು. ಇದಕ್ಕೆ ಪರವಾನಗಿಯೂ ದೊರೆಯಿತು. ಷರತ್ತು ಒಂದೇ. ಪ್ರತಿ ತಿಂಗಳು ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ಇರುವ ಯೋಜನೆಯ ಕಚೇರಿಗೆ ಹಾಜರಾಗಿ, ಖಿನ್ನತೆ ಮುಂದುವರಿದಿದೆ ಎಂಬುದನ್ನು ಅತ್ತು ದೃಢಪಡಿಸಬೇಕು. ಗುಣವಾದವರನ್ನು ಕೇಂದ್ರಕ್ಕೆ ಮರಳಿ ಕಳಿಸಲಾಗುವುದು.

ಮೊದಲ ನವೀಕರಣದ ದಿನ ಪುತಳಾಬಾಯಿಗೆ ಅಳುವೇ ಬರಲಿಲ್ಲ. ತಿಂಗಳಿಡೀ ಬಾಯಿ ತುಂಬ ಮಾತಾಡಿ ಹಿಗ್ಗಿದ ಜೀವ ಅದು. ಸೆರಗು ಕಣ್ಣಿಗೊತ್ತಿದಳು. ಸತ್ತ ಗಂಡನನ್ನು ನೆನೆದಳು, ಅವನ ಚೇಷ್ಟೆ ನೆನಪಾಗಿ ನಗು ಬಂದುಬಿಟ್ಟಿತು. ಗಡಬಡಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಕ್ಕರ ಪರವಾನಗಿ ರದ್ದಾಗ್ತದ ನೋಡ್ರಿ ಆಯಿ" ಎಂದ ಸಾಹೇಬರಿಗೂ ಊಟದ ಹೊತ್ತು ಮೀರುತ್ತಿತ್ತು. "ಹಿಂಗ ಮಾಡ್ರಿ. ಕೇಂದ್ರ ನೆನಸ್ಕೋರಿ."

ಪುತಳಾಬಾಯಿ ಹೋ ಎಂದು ಅತ್ತಳು.

ಸಾಹೇಬರು ಠಸೆ ಒತ್ತಿ, 'ಚಿಕಿತ್ಸೆಗೆ ಕೇಂದ್ರ ಅತ್ಯಗತ್ಯ, ಇನ್ನೊಂದು ಕೋಣೆ ಕಟ್ಟಿಸಬಹುದು' ಎಂದು ಷರಾ ಬರೆದು, ಆಕೆಗೂ ಓದಿ ಹೇಳಿದರು.

"ಲಗೂನ ಕಟ್ಟಿಸ್ರೀ ಸಾಹೇಬ್ರ, ನಮಗ ಅಳಾಕ ಆಸರಾಗ್ತದ" ಎಂದು ಹರಸಿ, ಮೂಗು ಒರೆಸಿಕೊಂಡು, ಪುತಳಾಬಾಯಿ ಬಸ್ಸಿಗೆ ಹೊರಟಳು.