ಸಂಕ್ರಮಣಕ್ಕೆ ಕೀಲಿಕೈ

ಮನೆ ಕಟ್ಟಿಸಲು ಹೊರಟವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ತಾವೇ ಮುಂಜಾನೆ ಎದ್ದು ಕೆಲಸದ ಜಾಗಕ್ಕೆ ಬಂದು ಕೂತಿರುತ್ತವೆ. ಗೌಂಡಿ ಮಾತ್ರ ಬಂದಿರುವುದಿಲ್ಲ.

ಸಿಂದಗಿಯಲ್ಲಿ ಬಾಡಿಗೆ ಮನೆಯಲ್ಲಿದ್ದು ರೊಟ್ಟಿ ಬಡಿದು ಮಾರುವವಳು ನಾನು. ಅದೇ ದುಡಿಮೆಯಿಂದ ಜಾಗ ತೆಗೆದುಕೊಂಡು, ದೀಪಾವಳಿ ಮುಗಿದ ಮೇಲೆ ಎರಡು ಕೋಣೆಯ ಮನೆಗೆ ಕೈ ಹಾಕಿದೆ. ಗೌಂಡಿ ಹೇಳಿದ: “ಛಳಿಗಾಲ ಕಟ್ಟಾಕ ಭಾಳ ಚಲೋರಿ ಅಕ್ಕಾರ. ಮಳಿ ಇಲ್ಲ, ಬಿಸಲಿಲ್ಲ. ಸಂಕ್ರಮಣಕ್ಕ ಕೀಲಿಕೈ ಕೊಡ್ತೇನಿ.”

ಅದನ್ನು ನಂಬಿ, ಸಂಕ್ರಮಣಕ್ಕೆ ಖಾಲಿ ಮಾಡುತ್ತೇನೆಂದು ಮನೆ ಮಾಲೀಕರಿಗೆ ಹೇಳಿಬಿಟ್ಟೆ. ಅವರು ಬೇರೆಯವರಿಗೆ ಮಾತು ಕೊಟ್ಟರು. ಓಣಿಯವರ ಮುಂದೆಯೂ ಹೇಳಿಕೊಂಡೆ. ಆಡಿದ ಮಾತಿನಿಂದ ಹಿಂದೆ ಸರಿಯುವ ರೂಢಿ ನನಗಿಲ್ಲ. ಆದರೆ ಮುಂದೆ ಹೋಗಲು ಮನೆಯೇ ಇಲ್ಲದಿದ್ದರೆ?

ಗೂಟಗಳು

ಪಾಯ ತೋಡಲು ಅಳತೆ ಹಾಕಿ, ಮೂಲೆ ಮೂಲೆಗೆ ಗೂಟ ಬಡಿದಿದ್ದರು. ಮರುದಿನ ಮುಂಜಾನೆ ಹೋದರೆ ಗೌಂಡಿಯೂ ಆಳುಗಳೂ ಬೆಂಕಿ ಕಾಯಿಸಿಕೊಳ್ಳುತ್ತ ಕೂತಿದ್ದರು. ಗಡಗಡ ನಡುಗುವ ಛಳಿ, ನಾನೂ ಕೂತೆ. ಕೈ ಬೆಚ್ಚಗಾದ ಮೇಲೆ ಗೂಟಗಳೆಲ್ಲಿ ಎಂದು ಕೇಳಿದೆ. ಎಲ್ಲರೂ ಬೆಂಕಿಯನ್ನೇ ನೋಡತೊಡಗಿದರು.

ಅಂದಾಜಿನ ಮೇಲೆ ಮತ್ತೆ ಅಳತೆಯಾಯಿತು. ಗೋಡೆ ಎದ್ದ ಮೇಲೆ ನೋಡಿದರೆ ಪಡಸಾಲೆಗಿಂತ ಅಡುಗೆಮನೆಯೇ ದೊಡ್ಡದು. ರೊಟ್ಟಿ ಬಡಿಯುವವಳಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರು ಮಾಡಿಯಾರು? ಇಂಥ ನಕ್ಷೆ ಯಾವ ಎಂಜಿನಿಯರ್ ಹಾಕಿದ ಎಂದು ಕೇಳಿದವರಿಗೆ ಈಗಲೂ “ಛಳಿ” ಎನ್ನುತ್ತೇನೆ.

ಅಮಾವಾಸ್ಯೆಯ ಮರುದಿನ

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣುತ್ತಾರೆ. ಅಂದು ಕೆಲಸ ಕೇಳುವುದು ತಪ್ಪು. ಆದರೆ ಮರುದಿನವೂ ಯಾರೂ ಬರಲಿಲ್ಲ. ಗೋಡೆಗಳೆಲ್ಲ ಇನ್ನೂ ಬತ್ತಲೆ. ಗೌಂಡಿ ತನ್ನ ಬೀಗರ ಊರಿಗೆ ಹೋಗಿದ್ದಾನೆಂದು ತಿಳಿದು, ಸಿಟ್ಟಿನಿಂದ ದೇವಣಗಾಂವದ ಬಸ್ಸು ಹತ್ತಿದೆ.

ಬೀಗರ ಹೊಲದಲ್ಲಿ ಗೌಂಡಿ ತನ್ನ ಆಳುಗಳ ಸಮೇತ ಉಳಿದ ಬುತ್ತಿ ಮುಗಿಸುವ ಕೆಲಸದಲ್ಲಿದ್ದ. ಆ ಕೆಲಸ ಮಾತ್ರ ಚುರುಕಾಗಿ ನಡೆದಿತ್ತು. “ಬರ್ರಿ ಅಕ್ಕಾರ, ಕುಂದರ್ರಿ. ಈ ಸಜ್ಜಿ ರೊಟ್ಟಿ ಬಿಟ್ಟು ಏಳಾಕ ಮನಸ ಆಗವಲ್ದು ನೋಡ್ರಿ” ಎಂದ. ಒಂದು ತುತ್ತು ಬಾಯಿಗಿಟ್ಟೆ. ಕೂಡಲೇ ಗುರುತು ಹತ್ತಿತು. ಹಬ್ಬಕ್ಕೆಂದು ಅವನ ಬೀಗರು ನನ್ನ ಕಡೆಯಿಂದಲೇ ಮಾಡಿಸಿಕೊಂಡು ಒಯ್ದ ರೊಟ್ಟಿಗಳವು. ಯಾರನ್ನು ಬಯ್ಯಲಿ? ಇನ್ನೆರಡು ಹಾಕಿಸಿಕೊಂಡೆ.

ಬಾಡಿಗೆಗೆ ಬಂದವರು

ಸಂಕ್ರಮಣ ಬಂತು. ಗೋಡೆಗೆ ಗಾರೆಯ ಗಿಲಾವಿಲ್ಲ, ಮನೆಗೆ ನೆಲವಿಲ್ಲ, ಬಾಗಿಲಿಲ್ಲ. ಬಾಡಿಗೆಗೆ ಬರುವವರು ಮನೆ ನೋಡಲು ಬರುತ್ತಾರೆಂದು ಮಾಲೀಕರು ಹೇಳಿ ಕಳಿಸಿದರು. ಓಣಿಗೆ ಯಾವ ಮುಖ ತೋರಿಸಲಿ ಎಂದು ಒಳಗೇ ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಒಬ್ಬ ಹೆಣ್ಣುಮಗಳು; ಅವಳ ಬೆನ್ನ ಹಿಂದೆ ನಮ್ಮ ಗೌಂಡಿ.

ಮನೆ ಗೊತ್ತುಮಾಡಿದವಳು ಅವನ ಹೆಂಡತಿ. ಗಂಡನಿಗೆ ತೋರಿಸಲು ಕರೆತಂದಿದ್ದಳು. ಅವನೋ, ನನ್ನನ್ನು ಯಾವಾಗಲೂ ಕಟ್ಟಡದ ಹತ್ತಿರವೇ ಕಂಡವನು. ನಾನಿರುವ ಮನೆ ಇದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅವಳು ಒಳಗೆಲ್ಲ ನೋಡಿ, “ಎಂದ ಖಾಲಿ ಮಾಡ್ತೀರಿ ಅಕ್ಕಾರ?” ಎಂದಳು.

“ನನ್ನ ಹೊಸ ಮನಿ ಮುಗದ ದಿನ, ತಂಗಿ.”

“ಎಂದ ಮುಗೀತೈತ್ರಿ?”

“ಅದನ್ನ ನಿನ್ನ ಗಂಡಗ ಕೇಳು. ಕಟ್ಟಾಂವ ಅಂವನ.”

ಗೌಂಡಿ ನಮ್ಮ ಮಾಳಿಗೆಯ ತೊಲೆಗಳು ಗಟ್ಟಿ ಇವೆಯೇ ಎಂದು ಬಹಳ ಹೊತ್ತು ಪರೀಕ್ಷೆ ಮಾಡಿದ.

ಮರುದಿನದಿಂದ ಅವಳು ಬುತ್ತಿಯೊಂದಿಗೆ ನನ್ನ ಕಟ್ಟಡಕ್ಕೇ ಬಂದು ಕೂತಳು. ಗೌಂಡಿ ಚಹಾ ಕುಡಿಯಲು ಕೂತರೆ, “ನಿಂತ ಕುಡೀರಿ, ಲಗೂ ಆಗ್ತೈತಿ” ಎನ್ನುವಳು. ಆಳುಗಳು ಅವಳಿಗಿಂತ ಮೊದಲೇ ಬರತೊಡಗಿದರು. ಮಾಲೀಕರಿಗೂ ಅವಳೇ ಹೋಗಿ, ಹೊಸ ಮನೆ ಮುಗಿಯುವತನಕ ಅಕ್ಕನನ್ನು ಬಿಡಿಸಬೇಡಿರೆಂದು ಹೇಳಿ ಬಂದಳು. ಶಿವರಾತ್ರಿಗೆ ಮೊದಲೇ ನನ್ನ ಮನೆಯಲ್ಲಿ ಹಾಲು ಉಕ್ಕಿತು. ಓಣಿಗೆ ಓಣಿಯೇ ಉಂಡು ಹರಸಿತು.

ಅಂದು ಕಟ್ಟಿದವರಿಗೆ ಮಾನ ಮಾಡುವುದು ಪದ್ಧತಿ. ಗೌಂಡಿ ಹೊಸ ಟೊಪ್ಪಿಗೆ ಹಾಕಿಕೊಂಡು ಮುಂದೆಯೇ ನಿಂತಿದ್ದ. ನಾನು ಅವನನ್ನು ದಾಟಿ ಹೋಗಿ ಅವನ ಹೆಂಡತಿಗೆ ಉಡಿ ತುಂಬಿ, ಇಳಕಲ್ಲ ಸೀರೆ ಕೊಟ್ಟೆ.

“ಅಕ್ಕಾರ, ಮೊದಲಿನ ಮಾನ ನನಗ ಅಲ್ಲೇನ್ರಿ? ಮನಿ ಕಟ್ಟಿದಾಂವ ನಾನು” ಎಂದ.

“ಕಟ್ಟಿದಾಂವ ನೀನ ಹೌದಪಾ,” ಎಂದೆ. “ಮುಗಿಸಿದಾಕಿ ಆಕಿ.”