ಹೆಪ್ಪು ಕೊಟ್ಟವರ ನಕ್ಷೆ

ತನಗೇ ಅರ್ಥವಾಗದ ವಿಷಯವನ್ನೂ ಮೂವತ್ತು ವರ್ಷ ಪಾಠ ಮಾಡಬಹುದು ಎನ್ನುವುದಕ್ಕೆ ನಾನೇ ಸಾಕ್ಷಿ. ಸಾಗರದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತನಾದವನು ನಾನು. ಮೊನ್ನೆ ಹಳೆಯ ವಿದ್ಯಾರ್ಥಿಗಳು ಬಂದು, "ಸರ್, ಸೂಕ್ಷ್ಮದರ್ಶಕವೇ ಇಲ್ದೆ, ಬರೀ ಡಿಎನ್‌ಎ ಓದಿ, ಜೀವಕೋಶದೊಳಗೆ ಯಾವ ಅಣು ಎಲ್ಲಿದೆ ಅಂತ ನಕ್ಷೆ ಮಾಡ್ತಾರಂತಲ್ಲ, ಅದ್ರ ಬಗ್ಗೆ ಮಾತಾಡಿ" ಎಂದರು. ಧಾರಾಳವಾಗಿ ಒಪ್ಪಿಕೊಂಡೆ. ನೋಡದೆ ನಕ್ಷೆ ಬರೆಯುವುದು ಹೇಗೆ ಎಂಬುದು ಮಾತ್ರ ಎಷ್ಟು ಓದಿದರೂ ತಲೆಗೆ ಹತ್ತಲಿಲ್ಲ.

ನಮ್ಮ ಜೊತೆಗಿರುವ ಚಿಕ್ಕಮ್ಮನದು ಇನ್ನೊಂದು ನಕ್ಷೆಯ ತಗಾದೆ. ಅವಳು ಹುಟ್ಟಿ ಬೆಳೆದ ಊರು ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಗಿದೆ. ಆ ಊರಿನವರಲ್ಲಿ ಉಳಿದವಳು ಈಗ ಇವಳೊಬ್ಬಳೇ. "ನಾ ಕಣ್ಣು ಮುಚ್ಚೋದ್ರೊಳಗೆ ನಮ್ಮನೆ ಎಲ್ಲಿತ್ತು ಅಂತ ಒಂದು ಚಿತ್ರ ಬರ್ಕೊಡಾ" ಎಂದು ಕೇಳಿ ಎರಡು ವರ್ಷವಾಯಿತು. ನಾನೋ ಮೇಷ್ಟ್ರು, ಸ್ಕೇಲು ಹಿಡಿದು ಕೂತು, "ಪೂರ್ವಕ್ಕಾ, ಪಶ್ಚಿಮಕ್ಕಾ? ಎಷ್ಟು ಅಡಿ?" ಎಂದು ಕೇಳುತ್ತಿದ್ದೆ. "ಅಡಿ ಗಿಡಿ ಎಲ್ಲ ನಂಗೆಂತ ಗೊತ್ತು ಮಾರಾಯ!" ಎಂದು ಅವಳು ಕಣ್ಣೊರೆಸಿಕೊಂಡು ಎದ್ದು ಹೋಗುತ್ತಿದ್ದಳು.

ಕಳೆದ ಭಾನುವಾರ ಬೆಳಿಗ್ಗೆ ಹಾಲಿಗೆ ಹೆಪ್ಪು ಹಾಕುತ್ತ ಅವಳೇ ಮಾತು ತೆಗೆದಳು. "ಹೆಪ್ಪು ಮುಗಿದ್ರೆ ನಾಗಕ್ಕನ ಮನೆಗೆ ಓಡ್ತಿದ್ದೆ. ಅಲ್ಲಿಲ್ಲದಿದ್ರೆ ಗೌಡ್ರ ಮನೆಗೆ. ಶೇಷಿ ಮನೆಗೆ ವರ್ಷಕ್ಕೊಂದ್ಸಲ. ಹೆಪ್ಪಿಗಾಗಿ ಅಷ್ಟು ದೂರ ಯಾರು ಹೋಗ್ತಾರೆ?"

ಅಯ್ಯೋ, ನನ್ನಂಥ ದಡ್ಡಶಿಖಾಮಣಿ ಇನ್ನೊಬ್ಬನಿಲ್ಲ! ಆ ವಿಜ್ಞಾನಿಗಳು ಮಾಡುವುದೂ ಇದನ್ನೇ. ಒಂದೊಂದು ಅಣುವಿಗೂ ಡಿಎನ್‌ಎಯದೇ ಒಂದು ಗುರುತುಚೀಟಿ ಅಂಟಿಸಿ, ಇದ್ದಲ್ಲೇ ಅದರ ಪ್ರತಿಗಳಾಗಲು ಬಿಡುತ್ತಾರೆ. ಆ ಪ್ರತಿಗಳು ಸುತ್ತ ಹರಡಿ ನೆರೆಯವುಗಳ ಜೊತೆ ಜೋಡಿಯಾಗುತ್ತವೆ, ಹತ್ತಿರದವುಗಳ ಜೊತೆ ಹೆಚ್ಚು ಸಲ, ದೂರದವುಗಳ ಜೊತೆ ಅಪರೂಪಕ್ಕೆ. ಯಾವುದು ಯಾವುದನ್ನು ಎಷ್ಟು ಸಲ ಸೇರಿತು ಎಂದು ಓದಿಕೊಂಡರೆ ನಕ್ಷೆ ತಾನಾಗಿ ಮೂಡುತ್ತದೆ.

ಸ್ಕೇಲು ಬದಿಗಿಟ್ಟು, ಯಾರು ಯಾರ ಮನೆಯಿಂದ ಹೆಪ್ಪು ತರುತ್ತಿದ್ದರು ಎಂದಷ್ಟೇ ಕೇಳುತ್ತ ಹೋದೆ. ಊಟದ ಹೊತ್ತಿಗೆ ಹನ್ನೊಂದು ಮನೆಗಳು ಕಾಗದದ ಮೇಲೆ ಕೂತಿದ್ದವು. ಚಿಕ್ಕಮ್ಮ ನಡುವಿನ ಚೌಕದ ಮೇಲೆ ಬೆರಳಿಟ್ಟು, "ಇದೇ, ಇದೇ ನಮ್ಮನೆ" ಎಂದಳು. ಎಷ್ಟು ಹೊತ್ತಾದರೂ ಬೆರಳು ತೆಗೆಯಲಿಲ್ಲ.

ಆಮೇಲೆ ಕೇಳಿದಳು, "ಈಗ ಈ ಬೀದಿದೂ ಒಂದು ಬರಿ. ನೀ ಯಾರ ಮನೆಯಿಂದ ತರ್ತೀಯ?"

ಈ ಬಡಾವಣೆಗೆ ಬಂದು ಇಪ್ಪತ್ತು ವರ್ಷ. ಹೆಪ್ಪು ಮುಗಿದರೆ ಅಂಗಡಿಯಿಂದ ಪ್ಯಾಕೆಟ್ ಮೊಸರು ತರುವುದೇ ರೂಢಿ. ಅವಳ ಲೆಕ್ಕದಲ್ಲಿ ನನ್ನ ಮನೆ ಯಾವ ನಕ್ಷೆಯಲ್ಲೂ ಬರುವಂತಿರಲಿಲ್ಲ. ನಾಚಿಕೆಯಾಗಿ, ಮರುದಿನ ಬಟ್ಟಲು ಹಿಡಿದು ಪಕ್ಕದ ಮನೆಯ ಬೆಲ್ ಒತ್ತಿದೆ. ಬಾಗಿಲು ತೆರೆದ ಹೆಂಗಸು ಬಟ್ಟಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಸ್ವಲ್ಪ ಹೆಪ್ಪು ಬೇಕಿತ್ತು. ನಾನು ಪಕ್ಕದ ಮನೆಯವನು" ಎಂದೆ.

"ಹೌದಾ?" ಎಂದರು ಅವರು ವಿಶ್ವಾಸದಿಂದ. "ಹೊಸದಾಗಿ ಬಂದ್ರಾ?"